ಹಂಸಕ್ಷೀರ ನ್ಯಾಯ: ಗೀತೆಯಿಂದ ಕಂಠವನ್ನು ಬೇರ್ಪಡಿಸುವ ವಿದ್ಯೆ

ಹಾಲನ್ನೂ ನೀರನ್ನೂ ಬೆರೆಸಿ ಮುಂದಿಟ್ಟರೆ ಹಂಸಪಕ್ಷಿಯು ನೀರನ್ನು ಉಳಿಸಿ ಹಾಲನ್ನು ಮಾತ್ರ ಹೀರುತ್ತದೆಂಬುದು ಕವಿಸಮಯ. ಗುಣದೋಷಗಳು ಬೆರೆತಿರುವಲ್ಲಿ ಗುಣವನ್ನಷ್ಟೇ ಆರಿಸಿಕೊಳ್ಳುವ ವಿವೇಕಕ್ಕೆ ನಮ್ಮ ಪೂರ್ವಿಕರು ಇದನ್ನು ದೃಷ್ಟಾಂತವಾಗಿ ಬಳಸಿ, ಹಂಸಕ್ಷೀರ ನ್ಯಾಯವೆಂದು ಕರೆದರು. ಹಂಸವು ನಿಜವಾಗಿ ಹಾಗೆ ಮಾಡುವುದೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಆದರೆ ಒಂದೇ ಧ್ವನಿಮುದ್ರಿಕೆಯಲ್ಲಿ ಬೆರೆತುಹೋದ ಗಾಯಕನ ಕಂಠವನ್ನೂ ವಾದ್ಯಗಳ ನಾದವನ್ನೂ ಬೇರೆ ಬೇರೆ ಪಾತ್ರೆಗಳಿಗೆ ಇಳಿಸಿಕೊಡುವ ಯಂತ್ರಹಂಸವೊಂದು ನಮ್ಮ ಕಣ್ಣೆದುರಿಗೇ ಹುಟ್ಟಿಕೊಂಡಿದೆ. ಕಂಠವನ್ನು ತೆಗೆದು ಉಳಿದ ವಾದ್ಯಭಾಗವನ್ನು ಜನರು ‘ಕರೋಕೆ ಟ್ರ್ಯಾಕ್’ ಎನ್ನುತ್ತಾರೆ. ಮದುವೆಮನೆಯಿಂದ ಹಿಡಿದು ಶಾಲಾ ವಾರ್ಷಿಕೋತ್ಸವದವರೆಗೆ ಇಂದು ಅದರದೇ ಆಳ್ವಿಕೆ.

ವ್ಯಾಕರಣ, ಛಂದಸ್ಸುಗಳನ್ನು ಪಾಠ ಹೇಳಿಕೊಂಡು ಬಂದ ನನ್ನಂಥವನಿಗೆ ಈ ವಿಷಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣವನ್ನು ಮೊದಲೇ ನಿವೇದಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಹಾಡಬೇಕಾಗಿತ್ತು. ಆಕೆಯದು ಇಂಪಾದ, ಆದರೆ ತುಸು ಕೆಳಗಿನ ಶ್ರುತಿಯ ಕಂಠ. ಆ ವೇಳೆಗೆ ಹಾರ್ಮೋನಿಯಂ ಮೇಷ್ಟರು ನಿವೃತ್ತರಾಗಿದ್ದರು. ಅವರ ಸ್ಥಾನ ತುಂಬಿರಲಿಲ್ಲ. ಸಾಂಸ್ಕೃತಿಕ ಸಮಿತಿಯ ಹೊಣೆ ಹೊತ್ತಿದ್ದ ನಾನು ಯಾರಿಂದಲೋ ಒಂದು ಟ್ರ್ಯಾಕನ್ನು ಪೆನ್‌ಡ್ರೈವಿನಲ್ಲಿ ತರಿಸಿ, ಒಮ್ಮೆಯೂ ಪೂರ್ತಿ ಕೇಳದೆ, ಅವಳ ಕೈಗೆ ಕೊಟ್ಟೆ. ಪಲ್ಲವಿ ಹೇಗೋ ಸಾಗಿತು. ಎರಡನೆಯ ಚರಣದಲ್ಲಿ ಸ್ವರ ಮೇಲೇರಿದಾಗ ಮಗು ಉಸಿರು ತೆಗೆದುಕೊಳ್ಳಲು ಕ್ಷಣಕಾಲ ತಡೆಯಿತು. ಟ್ರ್ಯಾಕು ತಡೆಯಲಿಲ್ಲ. ಅವಳು ಮೌನವಾಗಿ ನಿಂತಿದ್ದಾಗ, ಧ್ವನಿವರ್ಧಕದೊಳಗಿಂದ ಮೂಲ ಗಾಯಕಿಯ ದನಿ ಬಾವಿಯ ತಳದಿಂದೆಂಬಂತೆ ಸಣ್ಣಗೆ ಕೇಳಿಬರತೊಡಗಿತು. ಸಭಿಕರು ನಕ್ಕರು. ಆ ಮಗು ಮತ್ತೆ ವೇದಿಕೆಯನ್ನು ಹತ್ತಲಿಲ್ಲ.

ಅಂದಿನ ತಪ್ಪು ನನ್ನದು. ತೆಗೆದೆವೆಂದುಕೊಂಡ ಕಂಠವು ಎಲ್ಲಿಂದ ಮರಳಿ ಬಂದಿತು, ವಾದ್ಯವು ಹಾಡುವವಳಿಗಾಗಿ ಏಕೆ ಕಾಯಲಿಲ್ಲ ಎಂಬ ಎರಡು ಪ್ರಶ್ನೆಗಳು ನನ್ನನ್ನು ಬಹುಕಾಲ ಕಾಡಿದವು. ಅವುಗಳ ಬೆನ್ನುಹತ್ತಿ ತಿಳಿದುಕೊಂಡ ಸಂಗತಿಗಳನ್ನು ಪ್ರಕೃತ ಲೇಖನದಲ್ಲಿ ಯಥಾಮತಿ ನಿರೂಪಿಸುತ್ತೇನೆ.

ಹೆಸರಿನ ವಿಚಾರ

‘ಕರೋಕೆ’ ಎಂಬುದು ಜಪಾನೀ ಭಾಷೆಯ ಪದ. ‘ಕರ’ ಎಂದರೆ ಬರಿದು ಅಥವಾ ಶೂನ್ಯ. ‘ಕರಾಟೆ’ ಎಂದರೆ ಬರಿಗೈ ಎನ್ನುವಲ್ಲಿಯೂ ಇದೇ ಶಬ್ದವಿದೆ. ‘ಓಕೆ’ ಎಂಬುದು ವಾದ್ಯವೃಂದವನ್ನು ಹೇಳುವ ‘ಆರ್ಕೆಸ್ಟ್ರಾ’ ಶಬ್ದದ ಜಪಾನೀ ರೂಪವಾದ ‘ಓಕೆಸುತೊರ’ದ ಮೊಟಕು. ಆ ಆರ್ಕೆಸ್ಟ್ರಾ ಶಬ್ದವಾದರೋ ಮೂಲತಃ ಗ್ರೀಕರದು. ರಂಗಸ್ಥಳದಲ್ಲಿ ಮೇಳದವರು ನರ್ತಿಸುತ್ತಿದ್ದ ಅಂಗಳಕ್ಕೆ ಅವರು ಆ ಹೆಸರಿಟ್ಟಿದ್ದರು. ಹೀಗೆ ಒಂದು ದೇಶ್ಯಪದಕ್ಕೆ ಒಂದು ಪರದೇಶದ ಪದ ಕೂಡಿ ‘ಬರಿಯ ವಾದ್ಯಮೇಳ’ ಎಂಬ ಅರ್ಥ ಸಿದ್ಧಿಸಿತು. ನಮ್ಮ ವೈಯಾಕರಣರು ಕಂಡಿದ್ದರೆ ಇದನ್ನು ನಿಸ್ಸಂದೇಹವಾಗಿ ಅರಿಸಮಾಸವೆಂದು ಎಣಿಸುತ್ತಿದ್ದರು. ಆದರೂ ಬಳಕೆಯಲ್ಲಿ ನಿಂತ ಅರಿಸಮಾಸಗಳನ್ನು ಅವರೂ ಒಪ್ಪಿಕೊಂಡಂತೆ ನಾವೂ ಒಪ್ಪಿಕೊಳ್ಳೋಣ.

ಈ ಪದ್ಧತಿಯ ಹುಟ್ಟಿನ ಕಥೆ ಮನನೀಯವಾದುದು. ಟೋಕಿಯೋದಲ್ಲಿ ಶಿಗೆಇಚಿ ನೆಗಿಶಿ ಎಂಬ ಉದ್ಯಮಿಯು ೧೯೬೭ರಲ್ಲಿ ಟೇಪಿನ ವಾದ್ಯಸಂಗೀತಕ್ಕೆ ತನ್ನ ದನಿಯನ್ನು ಮೈಕಿನ ಮೂಲಕ ಕೂಡಿಸುವ ಪೆಟ್ಟಿಗೆಯೊಂದನ್ನು ಮಾಡಿಸಿದನು. ಅದನ್ನರಿಯದೆಯೇ, ಕೋಬೆ ನಗರದ ಪಾನಗೃಹಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸಿ ಜೀವಿಸುತ್ತಿದ್ದ ದೈಸುಕೆ ಇನೋವೆ ಎಂಬಾತನು ೧೯೭೧ರಲ್ಲಿ ಅಂಥದೇ ಯಂತ್ರವನ್ನು ರೂಪಿಸಿದನು. ಆತನ ಗಿರಾಕಿಗಳಲ್ಲಿ ಒಬ್ಬನು ಒಂದು ಸಂಸ್ಥೆಯ ಯಜಮಾನ, ಸಂಗೀತದಲ್ಲಿ ಅಷ್ಟಕ್ಕಷ್ಟೆ. ತನ್ನ ಜನರೊಡನೆ ಪ್ರವಾಸ ಹೊರಟ ಆತನು, ತನ್ನ ದನಿಯ ಇತಿಮಿತಿ ಬಲ್ಲವನು ನೀನೊಬ್ಬನೇ, ಜೊತೆಗೆ ಬಾ ಎಂದು ಇನೋವೆಯನ್ನು ಕೇಳಿಕೊಂಡನು. ಹೋಗಲಾಗದ ಇನೋವೆ ಅವನ ಕಂಠಕ್ಕೆ ಹೊಂದುವಂತೆ ವಾದ್ಯವನ್ನು ನುಡಿಸಿ, ಟೇಪಿನಲ್ಲಿ ತುಂಬಿ ಕೊಟ್ಟು ಕಳುಹಿಸಿದನು. ಇದರಿಂದ ಸ್ಫೂರ್ತಿಗೊಂಡು ೧೧ ಯಂತ್ರಗಳನ್ನು ಮಾಡಿಸಿ ಬಾಡಿಗೆಗೆ ಬಿಟ್ಟನು. ಸ್ವಾಮ್ಯದ ಪತ್ರವನ್ನು ಮಾತ್ರ ಮಾಡಿಸಿಕೊಳ್ಳಲಿಲ್ಲ. ೨೦೦೪ರಲ್ಲಿ ವಿನೋದಕ್ಕೆಂದು ಕೊಡುವ ಇಗ್ ನೊಬೆಲ್ ಶಾಂತಿ ಪಾರಿತೋಷಕ ಆತನಿಗೆ ಬಂದಿತು. ಜನರು ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಕಲಿಯುವ ಹೊಸ ದಾರಿಯನ್ನು ತೋರಿದನೆಂಬುದು ಅದಕ್ಕೆ ಕೊಟ್ಟ ಕಾರಣ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯ ಕರೋಕೆಯಲ್ಲಿ ಯಾರ ಕಂಠವನ್ನೂ ಅಳಿಸಿರಲಿಲ್ಲ. ವಾದ್ಯವನ್ನೇ ಹೊಸದಾಗಿ ನುಡಿಸಲಾಗಿತ್ತು. ಎರಡನೆಯದಾಗಿ, ಹಾಡುವವನ ದನಿಯನ್ನು ತಿಳಿದು ಅದಕ್ಕೆ ತಕ್ಕಂತೆ ವಾದ್ಯವು ಬಾಗಿತ್ತು. ನಮ್ಮ ಬಾಲಿಕೆಗೆ ದೊರೆಯದೆ ಹೋದುದು ಈ ಎರಡನೆಯದು.

ಮೂರು ಮಾರ್ಗಗಳು

ಕಂಠರಹಿತವಾದ ಟ್ರ್ಯಾಕನ್ನು ಪಡೆಯಲು ಮೂರು ಮಾರ್ಗಗಳುಂಟು. ವಾದ್ಯಗಳನ್ನು ಮತ್ತೆ ನುಡಿಸಿ ಮುದ್ರಿಸುವುದು ಮೊದಲನೆಯದು. ಇನೋವೆ ಹಿಡಿದುದು ಇದನ್ನೇ. ಎರಡನೆಯದು, ಮೂಲ ಮುದ್ರಣದಲ್ಲಿಯೇ ಪ್ರತಿಯೊಂದು ವಾದ್ಯವನ್ನೂ ಕಂಠವನ್ನೂ ಬೇರೆ ಬೇರೆ ಪಥಗಳಲ್ಲಿ ಹಿಡಿದಿಟ್ಟಿದ್ದರೆ, ಕಂಠದ ಪಥವನ್ನು ಮಾತ್ರ ಮುಚ್ಚಿ ಉಳಿದುದನ್ನು ತೆಗೆದುಕೊಳ್ಳುವುದು. ಇದು ನಿರ್ದುಷ್ಟವಾದುದು, ಆದರೆ ಮೂಲ ಪಥಗಳು ಮುದ್ರಣ ಸಂಸ್ಥೆಗಳ ಭಂಡಾರದಲ್ಲಿರುತ್ತವೆಯೇ ಹೊರತು ಶ್ರೋತೃಗಳ ಕೈಗೆ ದೊರೆಯವು. ಮೇಲಾಗಿ ಗಾಯಕರೂ ವಾದ್ಯದವರೂ ಒಂದೇ ಕೋಣೆಯಲ್ಲಿ ನಿಂತು ಒಮ್ಮೆಗೇ ಹಾಡಿ ನುಡಿಸಿದ ಹಳೆಯ ಚಿತ್ರಗೀತೆಗಳಿಗೆ ಅಂಥ ಪಥಗಳೇ ಇಲ್ಲ.

ಮೂರನೆಯದೇ ನಮ್ಮ ಪ್ರಸ್ತುತ ವಿಷಯ: ಪೂರ್ಣಗೊಂಡ, ಎಲ್ಲವೂ ಬೆರೆತುಹೋದ ಗೀತೆಯಿಂದ ಕಂಠವನ್ನು ಹೊರತೆಗೆಯುವುದು. ಪಾಯಸದಿಂದ ಬೆಲ್ಲವನ್ನು ಮರಳಿ ತೆಗೆಯುವಂಥ ಈ ಸಾಹಸದಲ್ಲಿ ಮತ್ತೆ ಹಳೆಯ ವಿಧಾನ, ಹೊಸ ವಿಧಾನ ಎಂದು ಎರಡು ಬಗೆ.

ವ್ಯವಕಲನ ವಿಧಾನ

ಹಳೆಯ ವಿಧಾನವು ಸ್ಟೀರಿಯೋ ಮುದ್ರಣವನ್ನು ಅವಲಂಬಿಸಿದೆ. ಮನುಷ್ಯನಿಗೆ ಎರಡು ಕಿವಿಗಳಿರುವುದರಿಂದ ಧ್ವನಿಯನ್ನೂ ಎಡಬಲಗಳೆಂಬ ಎರಡು ಧಾರೆಗಳಲ್ಲಿ ಹಿಡಿಯಬೇಕೆಂದು ಇಂಗ್ಲೆಂಡಿನ ಆಲನ್ ಬ್ಲೂಮ್‌ಲೈನ್ ಎಂಬ ತಂತ್ರಜ್ಞನು ೧೯೩೧ರಲ್ಲಿ ಸ್ವಾಮ್ಯಪತ್ರಕ್ಕೆ ಅರ್ಜಿ ಸಲ್ಲಿಸಿದ್ದನು. ೧೯೫೮ರ ವೇಳೆಗೆ ಅಂಥ ಗಾನಮುದ್ರಿಕೆಗಳು ಪೇಟೆಗೆ ಬಂದವು. ಕೇಳುವವನಿಗೆ ಪಿಟೀಲು ಎಡಕ್ಕೂ ತಬಲ ಬಲಕ್ಕೂ ಇರುವಂತೆ ತೋರಿದರೂ ಗಾಯಕನು ಮಾತ್ರ ನಡುವೆ ನಿಂತಂತೆ ಭಾಸವಾಗಬೇಕು. ಇದಕ್ಕಾಗಿ ಮುದ್ರಕರು ಕಂಠವನ್ನು ಎರಡೂ ಧಾರೆಗಳಲ್ಲಿ ಸರಿಸಮನಾಗಿ ಇಡುವುದು ವಾಡಿಕೆ. ಈ ವಾಡಿಕೆಯೇ ಕಂಠವನ್ನು ಅಳಿಸುವ ಉಪಾಯಕ್ಕೂ ಬೀಜವಾಯಿತು.

ಒಂದು ಸರಳ ಲೆಕ್ಕವನ್ನು ನೋಡೋಣ. ಒಂದು ಕ್ಷಣದಲ್ಲಿ ಕಂಠದ ಪ್ರಮಾಣ ೫, ಪಿಟೀಲಿನದು ೩, ತಬಲದ್ದು ೨ ಎಂದಿರಲಿ. ಎಡಧಾರೆಯಲ್ಲಿ ಕಂಠವೂ ಪಿಟೀಲೂ ಸೇರಿ ೮. ಬಲಧಾರೆಯಲ್ಲಿ ಕಂಠವೂ ತಬಲವೂ ಸೇರಿ ೭. ಎಂಟರಲ್ಲಿ ಏಳನ್ನು ಕಳೆದರೆ ಕಂಠದ ಐದು ಕಂಠದ ಐದರೊಡನೆ ವಜಾ ಆಗಿ, ಪಿಟೀಲಿನ ಮೂರರಿಂದ ತಬಲದ ಎರಡನ್ನು ಕಳೆದ ಶೇಷ ಮಾತ್ರ ಉಳಿಯುತ್ತದೆ. ತಬಲದ ಅಲೆ ತಲೆಕೆಳಗಾದರೂ ಕಿವಿಗೆ ಆ ಭೇದ ತಿಳಿಯುವುದಿಲ್ಲ. ಆದ್ದರಿಂದ ಎರಡೂ ವಾದ್ಯಗಳು ಕೇಳಿಸುತ್ತವೆ, ಕಂಠ ಕೇಳಿಸುವುದಿಲ್ಲ. ಕಳೆಯುವುದು ಎಂಬ ಪ್ರಾಥಮಿಕ ಶಾಲೆಯ ಗಣಿತದಿಂದ ಇಷ್ಟು ಕಾರ್ಯ ಸಾಧಿಸಿತು.

ಆದರೆ ಈ ವಿಧಾನಕ್ಕೆ ಕಣ್ಣಿಲ್ಲ. ಅದು ಕಂಠವೆಂದು ಅರಿತು ಕಂಠವನ್ನು ತೆಗೆಯುವುದಿಲ್ಲ, ನಡುವಿನಲ್ಲಿರುವುದನ್ನೆಲ್ಲ ತೆಗೆಯುತ್ತದೆ. ಗಂಭೀರ ನಾದದ ವಾದ್ಯಗಳನ್ನೂ ದೊಡ್ಡ ಮದ್ದಳೆಯ ಪೆಟ್ಟನ್ನೂ ಮುದ್ರಕರು ನಡುವಿನಲ್ಲಿಯೇ ಇಡುವುದರಿಂದ ಅವೂ ಕಂಠದೊಡನೆ ಸಹಗಮನ ಮಾಡುತ್ತವೆ. ಇನ್ನೊಂದೆಡೆ, ಕಂಠಕ್ಕೆ ಶೋಭೆಗೆಂದು ಕೂಡಿಸಿದ ಅನುರಣನವು ಎಡಬಲಗಳಲ್ಲಿ ಬೇರೆ ಬೇರೆಯಾಗಿ ಹರಡಿರುವುದರಿಂದ ಕಳೆದರೂ ಕಳೆಯದೆ ನಿಲ್ಲುತ್ತದೆ. ದೇಹ ಹೋದರೂ ನೆರಳು ಉಳಿದಂತೆ. ನಮ್ಮ ವಾರ್ಷಿಕೋತ್ಸವದಲ್ಲಿ ಬಾವಿಯ ತಳದಿಂದ ಕೇಳಿಬಂದ ದನಿ ಈ ಅನುರಣನವೇ ಆಗಿತ್ತು. ನಾನು ತರಿಸಿದ್ದ ಟ್ರ್ಯಾಕು ವ್ಯವಕಲನದಿಂದ ಮಾಡಿದ್ದೆಂದು ಆಮೇಲೆ ತಿಳಿಯಿತು. ಇನ್ನು, ಒಂದೇ ಧಾರೆಯಲ್ಲಿ ಮುದ್ರಿತವಾದ ಹಳೆಯ ಹಾಡುಗಳಲ್ಲಿ ಎಡವೂ ಬಲವೂ ಒಂದೇ ಆಗಿರುವುದರಿಂದ, ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಸೊನ್ನೆ. ಹಾಡೂ ಇಲ್ಲ, ವಾದ್ಯವೂ ಇಲ್ಲ.

ಧ್ವನಿಯ ಚಿತ್ರಪಟ

ಹೊಸ ವಿಧಾನವನ್ನು ತಿಳಿಯಬೇಕಾದರೆ ಧ್ವನಿಯನ್ನು ಕಣ್ಣಿನಿಂದ ನೋಡಲು ಕಲಿಯಬೇಕು. ಗಣಕಯಂತ್ರವು ಧ್ವನಿಯ ಏರಿಳಿತವನ್ನು ಅಂಕಿಗಳಾಗಿ ಬರೆದಿಟ್ಟುಕೊಳ್ಳುತ್ತದೆ. ೧೯೮೨ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಒಂದು ಸೆಕೆಂಡಿಗೆ ೪೪,೧೦೦ ಅಂಕಿಗಳು. ಮೂರು ನಿಮಿಷದ ಗೀತೆಗೆ ಒಂದೊಂದು ಧಾರೆಯಲ್ಲಿಯೂ ಸುಮಾರು ೭೯ ಲಕ್ಷ ಅಂಕಿಗಳಾದವು. ಈ ಅಂಕಿಗಳ ಸಾಲನ್ನು ನೋಡಿದರೆ ಯಾವುದು ಕಂಠ, ಯಾವುದು ವೀಣೆ ಎಂದು ತಿಳಿಯುವುದು ದುಸ್ಸಾಧ್ಯ.

ಎಂಥ ಜಟಿಲವಾದ ಅಲೆಯನ್ನಾದರೂ ಸರಳ ಅಲೆಗಳ ಮೊತ್ತವಾಗಿ ಒಡೆಯಬಹುದೆಂದು ಫ್ರಾನ್ಸ್ ದೇಶದ ಗಣಿತಜ್ಞ ಫೂರಿಯೇ ೧೮೨೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ್ದನು. ಆತನು ಹೊರಟಿದ್ದುದು ಉಷ್ಣದ ಹರಿವನ್ನು ವಿವರಿಸಲು. ಫಲ ದೊರೆತುದು ನಾದಶಾಸ್ತ್ರಕ್ಕೂ. ಈ ಲೆಕ್ಕವನ್ನು ಗಣಕದಲ್ಲಿ ಅತಿಶೀಘ್ರವಾಗಿ ಮಾಡುವ ಕ್ರಮವನ್ನು ಕೂಲಿ ಮತ್ತು ಟೂಕಿ ಎಂಬ ಇಬ್ಬರು ೧೯೬೫ರಲ್ಲಿ ಪ್ರಕಟಿಸಿದರು. ಗೀತೆಯನ್ನು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದು ತುಣುಕನ್ನೂ ಹೀಗೆ ಒಡೆದು ಸಾಲಾಗಿ ಜೋಡಿಸಿದರೆ ಒಂದು ಚಿತ್ರಪಟ ಸಿದ್ಧವಾಗುತ್ತದೆ. ಅದರಲ್ಲಿ ಎಡದಿಂದ ಬಲಕ್ಕೆ ಕಾಲ. ಕೆಳಗಿನಿಂದ ಮೇಲಕ್ಕೆ ಮಂದ್ರದಿಂದ ತಾರಕ್ಕೆ ಏರುವ ಶ್ರುತಿ. ಎಲ್ಲಿ ನಾದ ಬಲವಾಗಿದೆಯೋ ಅಲ್ಲಿ ಬೆಳಕು.

ಈ ಪಟವನ್ನು ಮೊದಲ ಬಾರಿಗೆ ನೋಡಿದಾಗ ನನಗೆ ವರ್ಣಮಾಲೆಯೇ ಎದುರಿಗೆ ನಿಂತಂತಾಯಿತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದದ ಉತ್ಪತ್ತಿಯನ್ನು ಹೇಳುವಾಗ ಗಾಳಿಯನ್ನೂ ಕಹಳೆಯ ಹೋಲಿಕೆಯನ್ನೂ ತರುತ್ತಾನೆ. ಆ ಹೋಲಿಕೆ ಎಷ್ಟು ಸಮರ್ಪಕವೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಸ್ವರಾಕ್ಷರಗಳನ್ನು ಹಾಡಿದಾಗ ಮೂಲಶ್ರುತಿಯ ಒಂದು ಗೆರೆ, ಅದರ ಇಮ್ಮಡಿ, ಮುಮ್ಮಡಿ, ನಾಲ್ಮಡಿಗಳಲ್ಲಿ ಇನ್ನಷ್ಟು ಗೆರೆಗಳು ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ನಿಲ್ಲುತ್ತವೆ. ಗಮಕ ಬಂದಾಗ ಮೆಟ್ಟಿಲುಗಳೆಲ್ಲ ಒಟ್ಟಿಗೆ ಬಳುಕುತ್ತವೆ. ಶ, ಷ, ಸ ಎಂಬ ಊಷ್ಮಗಳಲ್ಲಿ ಗೆರೆಗಳಿಲ್ಲ. ಪಟದ ಮೇಲ್ಭಾಗದಲ್ಲಿ ಮಂಜು ಕವಿದಂತೆ ಹರಡುತ್ತವೆ. ಕ, ಟ, ತ, ಪ ಮೊದಲಾದ ಸ್ಪರ್ಶಗಳು ಕ್ಷಣಮಾತ್ರದ ನಿಶ್ಶಬ್ದ, ಅದರ ಬೆನ್ನಿಗೆ ಕೆಳಗಿನಿಂದ ಮೇಲಿನವರೆಗೆ ಒಂದು ತೆಳುವಾದ ಸಿಡಿತ. ವರ್ಗಗಳನ್ನು ಬೇರ್ಪಡಿಸಿದ ನಮ್ಮ ಶಾಸ್ತ್ರಕಾರರ ಕಿವಿ ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಇನ್ನು ಮಾಡಬೇಕಾದುದು ಜರಡಿ ಹಿಡಿಯುವ ಕೆಲಸ. ಪಟದ ಪ್ರತಿಯೊಂದು ಚೌಕದಲ್ಲಿರುವ ನಾದದಲ್ಲಿ ಕಂಠದ ಪಾಲೆಷ್ಟು, ವಾದ್ಯದ ಪಾಲೆಷ್ಟು ಎಂದು ನಿರ್ಣಯಿಸಬೇಕು. ಪೂರ್ತಿ ಕಂಠದ್ದಾದರೆ ೧, ಪೂರ್ತಿ ವಾದ್ಯದ್ದಾದರೆ ೦, ಬೆರೆತಿದ್ದರೆ ನಡುವಣ ಭಿನ್ನರಾಶಿ. ಈ ಭಿನ್ನರಾಶಿಗಳಿಂದ ಪಟವನ್ನು ಗುಣಿಸಿ, ಮರಳಿ ಧ್ವನಿಯಾಗಿಸಿದರೆ ಕಂಠ ದೊರೆಯಿತು, ಶೇಷವೇ ಕರೋಕೆ. ಆದರೆ ನಿರ್ಣಯಿಸುವವರು ಯಾರು?

ಕಲಿಯುವ ಯಂತ್ರ

ಜನಸಂದಣಿಯ ಗದ್ದಲದಲ್ಲಿಯೂ ನಾವು ಎದುರಿಗಿರುವವನ ಮಾತನ್ನು ಹೇಗೆ ಹಿಡಿಯುತ್ತೇವೆಂಬ ಪ್ರಶ್ನೆಯನ್ನು ಕಾಲಿನ್ ಚೆರಿ ಎಂಬ ವಿಜ್ಞಾನಿ ೧೯೫೩ರಲ್ಲಿ ಎತ್ತಿದ್ದನು. ಜಾತ್ರೆಯ ಗದ್ದಲದಲ್ಲಿಯೂ ತಾಯಿ ತನ್ನ ಮಗುವಿನ ಕೂಗನ್ನು ಗುರುತಿಸುತ್ತಾಳೆ. ಅವಳಿಗೆ ಯಾರೂ ನಿಯಮಗಳನ್ನು ಬರೆದುಕೊಟ್ಟಿಲ್ಲ. ಕೇಳಿ ಕೇಳಿ ಬಂದ ಜ್ಞಾನವದು. ಯಂತ್ರಕ್ಕೆ ಸೂತ್ರಗಳನ್ನು ಬರೆದುಕೊಡುವ ಯತ್ನಗಳು ಹಲವು ದಶಕ ನಡೆದು ಅರ್ಧಂಬರ್ಧ ಫಲ ಕೊಟ್ಟವು. ಸೂತ್ರವನ್ನು ಬಿಟ್ಟು ಅಭ್ಯಾಸವನ್ನೇ ನೆಚ್ಚಿದಾಗ ಬಾಗಿಲು ತೆರೆಯಿತು.

ಅಭ್ಯಾಸದ ಕ್ರಮ ಹೀಗೆ: ಕಂಠವೂ ವಾದ್ಯಗಳೂ ಬೇರೆ ಬೇರೆಯಾಗಿ ದೊರೆಯುವ ಗೀತೆಗಳನ್ನು ಸಂಗ್ರಹಿಸಿ, ಅವುಗಳನ್ನು ಬೆರೆಸಿ ಯಂತ್ರಕ್ಕೆ ಕೊಡುವುದು, ಬೇರ್ಪಡಿಸೆಂದು ಹೇಳುವುದು, ಅದರ ಉತ್ತರವನ್ನು ನಿಜವಾದ ಕಂಠದೊಡನೆ ಹೋಲಿಸಿ, ತಪ್ಪಿದ ಪ್ರಮಾಣಕ್ಕನುಸಾರವಾಗಿ ಯಂತ್ರದೊಳಗಿನ ಲಕ್ಷೋಪಲಕ್ಷ ಅಂಕಿಗಳನ್ನು ತಿದ್ದುವುದು. ಇದನ್ನು ಮತ್ತೆ ಮತ್ತೆ ಮಾಡಿದರೆ ಯಂತ್ರವು ಕಂಠದ ಲಕ್ಷಣಗಳನ್ನು ತಾನೇ ಗುರುತಿಸತೊಡಗುತ್ತದೆ. ತಿದ್ದಿ ತೀಡಿಸಿದ ಅಕ್ಷರಾಭ್ಯಾಸದಂತೆಯೇ ಇದು. ೨೦೧೭ರಲ್ಲಿ ಸಂಶೋಧಕರಿಗಾಗಿ ಸಿದ್ಧಪಡಿಸಿದ ‘ಮ್ಯೂಸ್‌ಡಿಬಿ ೧೮’ ಎಂಬ ಸಂಗ್ರಹದಲ್ಲಿ ೧೫೦ ಗೀತೆಗಳಿವೆ. ೧೦೦ ಪಾಠಕ್ಕೆ, ೫೦ ಪರೀಕ್ಷೆಗೆ. ಒಟ್ಟು ಸುಮಾರು ಹತ್ತು ಗಂಟೆಗಳ ಸಂಗೀತ.

ಯಂತ್ರದ ಅಂತರ್ರಚನೆಯ ಕಥೆಯೂ ಸ್ವಾರಸ್ಯಕರವಾದುದು. ಜರ್ಮನಿಯ ಫ್ರೈಬುರ್ಗಿನ ವಿದ್ವಾಂಸರು ೨೦೧೫ರಲ್ಲಿ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಜೀವಕೋಶಗಳ ಅಂಚನ್ನು ಗುರುತಿಸಲು ‘ಯು-ನೆಟ್’ ಎಂಬ ಜಾಲವನ್ನು ರಚಿಸಿದ್ದರು. ಧ್ವನಿಯೂ ಪಟವಾದ ಮೇಲೆ ಅದರ ಮೇಲೆ ಇದನ್ನೇಕೆ ಪ್ರಯೋಗಿಸಬಾರದೆಂದು ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದವರೂ ಸ್ಪಾಟಿಫೈ ಸಂಸ್ಥೆಯವರೂ ೨೦೧೭ರಲ್ಲಿ ಯತ್ನಿಸಿ ಯಶಸ್ಸು ಕಂಡರು. ೨೦೧೯ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಡೀಝರ್ ಸಂಸ್ಥೆಯು ‘ಸ್ಪ್ಲೀಟರ್’ ಎಂಬ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಅದು ಗೀತೆಯನ್ನು ಎರಡು, ನಾಲ್ಕು ಅಥವಾ ಐದು ಭಾಗಗಳಾಗಿ ಒಡೆಯಬಲ್ಲದು. ಅದೇ ವರ್ಷ ಫೇಸ್‌ಬುಕ್ ಸಂಸ್ಥೆಯ ಸಂಶೋಧಕರಿಂದ ಬಂದ ‘ಡೆಮ್ಯುಕ್ಸ್’ ಪಟವನ್ನು ಬಿಟ್ಟು ನೇರವಾಗಿ ಅಲೆಯ ಮೇಲೆಯೇ ಕೆಲಸ ಮಾಡಿತು. ಅದರ ಮುಂದಿನ ರೂಪಗಳು ಎರಡನ್ನೂ ಕೂಡಿಸಿಕೊಂಡವು. ಹೀಗೆ ಪ್ರಯೋಗಶಾಲೆಯ ವಿದ್ಯೆಯೊಂದು ವಿದ್ಯಾರ್ಥಿಯ ಕೈಗೂ ದಕ್ಕಿತು.

ನಮ್ಮ ಸಂಗೀತದಲ್ಲಿ ಎದುರಾಗುವ ತೊಡಕು

ಗುರುವಿನಂತೆ ಶಿಷ್ಯ. ಮೇಲೆ ಹೇಳಿದ ಸಂಗ್ರಹದ ಗೀತೆಗಳು ಬಹುಮಟ್ಟಿಗೆ ಪಾಶ್ಚಾತ್ಯ ಜನಪ್ರಿಯ ಸಂಗೀತಕ್ಕೆ ಸೇರಿದವು. ಅದರಲ್ಲಿ ಕಂಠ, ತಾಳವಾದ್ಯ, ಗಂಭೀರ ತಂತಿವಾದ್ಯ, ‘ಇತರೆ’ ಎಂದು ನಾಲ್ಕು ವಿಭಾಗ. ತಂಬೂರಿ, ವೀಣೆ, ಕೊಳಲು, ಹಾರ್ಮೋನಿಯಂಗಳೆಲ್ಲ ‘ಇತರೆ’ ಎಂಬ ಒಂದೇ ಚೀಲಕ್ಕೆ ಬೀಳುತ್ತವೆ. ಅಷ್ಟೇ ಅಲ್ಲ, ನಮ್ಮಲ್ಲಿ ಪಿಟೀಲೂ ಹಾರ್ಮೋನಿಯಮ್ಮೂ ಗಾಯಕನನ್ನು ನೆರಳಿನಂತೆ ಹಿಂಬಾಲಿಸುತ್ತವೆ. ಅದೇ ಸ್ವರ, ಅದೇ ಗಮಕ, ಅದೇ ಕ್ಷಣ. ಪಟದಲ್ಲಿ ಎರಡರ ಗೆರೆಗಳೂ ಒಂದರ ಮೇಲೊಂದು ಬೀಳುವುದರಿಂದ ಹಂಸಕ್ಕೆ ಹಾಲು ಯಾವುದು, ನೀರು ಯಾವುದೆಂದು ಭ್ರಮೆಯಾಗುತ್ತದೆ.

ತಂಬೂರಿಯದು ಇನ್ನೊಂದು ತೊಡಕು. ಷಡ್ಜವು ಸೆಕೆಂಡಿಗೆ ೨೦೦ ಕಂಪನಗಳೆಂದಿಟ್ಟುಕೊಂಡರೆ ತಂಬೂರಿಯ ಗೆರೆಗಳು ೨೦೦, ೪೦೦, ೬೦೦, ೮೦೦ ಎಂದು ಸಾಗುತ್ತವೆ. ಗಾಯಕನು ತಾರಷಡ್ಜಕ್ಕೆ ಏರಿ ನಿಂತರೆ ಅವನ ಗೆರೆಗಳು ೪೦೦, ೮೦೦, ೧,೨೦೦; ಎಲ್ಲವೂ ತಂಬೂರಿಯ ಗೆರೆಗಳ ಮೇಲೆಯೇ. ಶ್ರುತಿ ಎಷ್ಟು ಶುದ್ಧವಾಗಿ ಸೇರುತ್ತದೆಯೋ ಬೇರ್ಪಡಿಸುವುದು ಅಷ್ಟೇ ಕಷ್ಟ. ಶ್ರುತಿಲೀನನಾಗುವುದೇ ಗಾಯಕನ ಪರಮಗುರಿಯಾಗಿರುವಲ್ಲಿ, ಯಂತ್ರಕ್ಕೆ ಅದೇ ಪರಮಸಂಕಟ.

ತಾಳವಾದ್ಯಗಳ ವಿಷಯದಲ್ಲಿ ವೈಯಾಕರಣನಿಗೆ ಆಪ್ಯಾಯಮಾನವಾದ ಒಂದು ಸಂಗತಿಯುಂಟು. ಮೃದಂಗ ತಬಲಗಳ ಪೆಟ್ಟುಗಳಿಗೆ ನಮ್ಮವರು ತ, ದಿ, ಧಾ, ತಿರಕಿಟ ಎಂದು ವ್ಯಂಜನಗಳಿಂದಲೇ ಹೆಸರಿಟ್ಟರು. ಚರ್ಮದ ಮೇಲಿನ ಪೆಟ್ಟಿಗೂ ನಾಲಗೆಯ ಸ್ಪರ್ಶಕ್ಕೂ ಇರುವ ಸಾದೃಶ್ಯವನ್ನು ಅವರು ಕಿವಿಯಿಂದಲೇ ಕಂಡಿದ್ದರು. ಯಂತ್ರವೂ ಅದೇ ಸಾದೃಶ್ಯದಲ್ಲಿ ಎಡವುತ್ತದೆ: ಕೆಲವೊಮ್ಮೆ ಗಾಯಕನ ಟಕಾರ ತಕಾರಗಳು ತಬಲದ ಪಾಲಾಗುತ್ತವೆ, ಊಷ್ಮಾಕ್ಷರಗಳು ತಾಳದ ಝಲ್ಲೆಂಬ ದನಿಯೊಡನೆ ಹೋಗುತ್ತವೆ. ಆಗ ಬೇರ್ಪಟ್ಟ ಕಂಠದಲ್ಲಿ ಸ್ವರಗಳು ಉಳಿದು ವ್ಯಂಜನಗಳು ಸವೆದು, ನೀರಿನೊಳಗಿಂದ ಮಾತಾಡಿದಂತೆ ಕೇಳುತ್ತದೆ.

ಈ ಕೊರತೆಯನ್ನು ನೀಗಿಸುವ ಯತ್ನಗಳೂ ನಡೆದಿವೆ. ಸ್ಪೇನಿನ ಬಾರ್ಸಿಲೋನಾ ನಗರದ ಪೊಂಪೇವು ಫಾಬ್ರಾ ವಿಶ್ವವಿದ್ಯಾಲಯದವರು ಕರ್ನಾಟಕ ಮತ್ತು ಹಿಂದೂಸ್ತಾನೀ ಸಂಗೀತಗಳ ಕಛೇರಿಗಳನ್ನು ‘ಸರಾಗ’ ಎಂಬ ಹೆಸರಿನಲ್ಲಿ ಸಂಗ್ರಹಿಸಿದ್ದಾರೆ. ಆದರೆ ಕಛೇರಿಯಲ್ಲಿ ಪಿಟೀಲಿನ ಮೈಕಿಗೆ ಪಕ್ಕದ ಗಾಯಕನ ದನಿಯೂ ಬೀಳುತ್ತದೆ. ಶುದ್ಧವಾದ ಪಥವೆಂಬುದೇ ಇಲ್ಲ. ಹೀಗೆ ಸೋರಿ ಬೆರೆತ ಪಥಗಳಿಂದಲೇ ಯಂತ್ರಕ್ಕೆ ಪಾಠ ಹೇಳುವ ವಿಧಾನವೊಂದನ್ನು ಅದೇ ವಿಶ್ವವಿದ್ಯಾಲಯದ ಸಂಶೋಧಕರು ೨೦೨೩ರಲ್ಲಿ ಪ್ರಕಟಿಸಿದರು.

ಮರಳಿ ದೊರೆತ ಕಂಠ

ಇಷ್ಟು ಹೊತ್ತೂ ಕಂಠವನ್ನು ತೆಗೆದೆಸೆಯುವ ಮಾತಾಯಿತು. ಆದರೆ ಇದೇ ವಿದ್ಯೆಯನ್ನು ಮಗ್ಗುಲು ಬದಲಿಸಿ ನೋಡಿದರೆ ಅದು ಕಂಠವನ್ನು ಉಳಿಸುವ ವಿದ್ಯೆ. ಬೀಟಲ್ಸ್ ಎಂಬ ಸುಪ್ರಸಿದ್ಧ ಆಂಗ್ಲ ಗಾಯಕವೃಂದದ ಜಾನ್ ಲೆನನ್ ೧೯೭೦ರ ದಶಕದ ಕೊನೆಯ ಭಾಗದಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಪಿಯಾನೋ ನುಡಿಸುತ್ತ ಹಾಡೊಂದನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡಿದ್ದನು. ೧೯೮೦ರ ಡಿಸೆಂಬರ್ ೮ರಂದು ಆತನ ಹತ್ಯೆಯಾಯಿತು. ೧೯೯೪ರಲ್ಲಿ ಅವನ ಪತ್ನಿ ಯೋಕೋ ಓನೋ ಕ್ಯಾಸೆಟ್ಟನ್ನು ಮಿತ್ರರಿಗೆ ಒಪ್ಪಿಸಿದಳು. ಮರುವರ್ಷ ಅವರು ಹಾಡನ್ನು ಪೂರ್ಣಗೊಳಿಸಲು ಹೊರಟರೂ ಪಿಯಾನೋ ಮತ್ತು ಗುಂಯ್‌ಗುಟ್ಟುವ ಸದ್ದಿನ ಅಡಿಯಲ್ಲಿ ಕಂಠ ಹೂತುಹೋಗಿದ್ದುದರಿಂದ ಕೈಬಿಟ್ಟರು. ಮಿತ್ರರಲ್ಲಿ ಒಬ್ಬನಾದ ಜಾರ್ಜ್ ಹ್ಯಾರಿಸನ್ ೨೦೦೧ರಲ್ಲಿ ತೀರಿಕೊಂಡನು. ಚಿತ್ರ ನಿರ್ದೇಶಕ ಪೀಟರ್ ಜಾಕ್ಸನ್ನನ ತಂಡವು ೨೦೨೧ರ ಸಾಕ್ಷ್ಯಚಿತ್ರವೊಂದಕ್ಕಾಗಿ ರೂಪಿಸಿದ್ದ ಯಂತ್ರಾಭ್ಯಾಸದ ವಿಧಾನದಿಂದ ಕಡೆಗೂ ಕಂಠವು ಪಿಯಾನೋದಿಂದ ಬಿಡುಗಡೆ ಹೊಂದಿತು. ‘ನೌ ಆಂಡ್ ದೆನ್’ ಎಂಬ ಆ ಹಾಡು ೨೦೨೩ರ ನವೆಂಬರ್ ೨ರಂದು ಲೋಕಕ್ಕೆ ಕೇಳಿಸಿತು. ಇಲ್ಲಿ ಯಂತ್ರವು ಸತ್ತವನ ದನಿಯನ್ನು ಕೃತಕವಾಗಿ ಸೃಷ್ಟಿಸಲಿಲ್ಲ. ಇದ್ದುದನ್ನೇ ಧೂಳು ಕೊಡವಿ ಎತ್ತಿಕೊಟ್ಟಿತು.

ಇದನ್ನು ಓದಿದಾಗ ನನಗೆ ನಮ್ಮ ಹಾರ್ಮೋನಿಯಂ ಮೇಷ್ಟರ ನೆನಪಾಯಿತು. ನಿವೃತ್ತರಾದ ಕೆಲವೇ ವರ್ಷಗಳಲ್ಲಿ ಅವರು ಲಿಂಗೈಕ್ಯರಾಗಿದ್ದರು. ಬೆಳಗಿನ ಪ್ರಾರ್ಥನೆಗೆ ಅವರು ಕಲಿಸುತ್ತಿದ್ದ ಹಾಡುಗಳ ಒಂದು ಕ್ಯಾಸೆಟ್ ನನ್ನಲ್ಲಿ ಉಳಿದಿತ್ತು. ಹಾರ್ಮೋನಿಯಂ ಮೈಕಿನ ಹತ್ತಿರವಿದ್ದುದರಿಂದ ಅವರ ದನಿ ಹಿಂದೆ ಸರಿದಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಅದನ್ನು ಗಣಕಕ್ಕೆ ಇಳಿಸಿಕೊಂಡನು. ಮೊದಲು ವ್ಯವಕಲನದಿಂದ ಯತ್ನಿಸಿದಾಗ ಒಂದೇ ಧಾರೆಯ ಮುದ್ರಣವಾದ್ದರಿಂದ ಟೇಪಿನ ಸುಯ್ಯೆಂಬ ಸದ್ದಷ್ಟೇ ಉಳಿಯಿತು. ಆಮೇಲೆ ಹೊಸ ತಂತ್ರಾಂಶದಿಂದ ಯತ್ನಿಸಿ ಎರಡು ಕಡತಗಳನ್ನು ಕಳುಹಿಸಿದನು: ಒಂದರಲ್ಲಿ ಹಾರ್ಮೋನಿಯಂ, ಇನ್ನೊಂದರಲ್ಲಿ ಕಂಠ. ಅಲ್ಲಲ್ಲಿ ವ್ಯಂಜನಗಳು ಸವೆದಿದ್ದರೂ, ಉಸಿರು ತೆಗೆಯುವ ಮೊದಲು ಮೇಷ್ಟರು ಮಾಡುತ್ತಿದ್ದ ಸಣ್ಣ ಕೆಮ್ಮಿನ ಸಮೇತ, ದನಿ ಸ್ಪಷ್ಟವಾಗಿ ಕೇಳಿತು. ಕೊಠಡಿಯಲ್ಲಿದ್ದ ಉಪಾಧ್ಯಾಯರೆಲ್ಲ ಕೆಲಸ ನಿಲ್ಲಿಸಿ ಕುಳಿತು ಕೇಳಿದೆವು.

ಆದರೆ ಎರಡನೆಯ ಬಾರಿ ಕೇಳುವಾಗ ಏನೋ ಕೊರತೆಯೆನಿಸಿತು. ಮಕ್ಕಳು ತಪ್ಪಿದಲ್ಲಿ ಅವರ ಕೈ ಮನೆಯ ಮೇಲೆಯೇ ನಿಂತು ಕಾಯುತ್ತಿತ್ತು. ಮಕ್ಕಳು ಸರಿಯಾದಲ್ಲಿ ಮುಂದುವರಿಯುತ್ತಿತ್ತು. ಆ ಕಾಯುವಿಕೆ ಕಂಠದ ಕಡತದಲ್ಲಿಲ್ಲ, ವಾದ್ಯದ ಕಡತದಲ್ಲಿಯೂ ಇಲ್ಲ. ಎರಡೂ ಕೂಡಿದಲ್ಲಿ ಮಾತ್ರ ಇದೆ. ಆದ್ದರಿಂದ ಮೂಲ ಕ್ಯಾಸೆಟ್ಟನ್ನೂ ಅದರ ಅವಿಚ್ಛಿನ್ನ ಪ್ರತಿಯನ್ನೂ ಗ್ರಂಥಾಲಯದಲ್ಲಿ ಮೊದಲು ಇರಿಸಿ, ಬೇರ್ಪಡಿಸಿದ ಎರಡನ್ನೂ ಅದರ ಪಕ್ಕದಲ್ಲಿ ಇರಿಸಿದ್ದೇವೆ.

ಕಾನೂನು ಮತ್ತು ಔಚಿತ್ಯ

ಬೇರ್ಪಡಿಸಲು ಸಾಧ್ಯವೆಂದ ಮಾತ್ರಕ್ಕೆ ಬೇರ್ಪಡಿಸಿದ್ದೆಲ್ಲ ನಮ್ಮದಾಗುವುದಿಲ್ಲ. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದಂತೆ ಗೀತರಚಕನ ಮತ್ತು ಸಂಗೀತಕಾರನ ಹಕ್ಕು ಅವರ ಜೀವಿತಾವಧಿಯ ಅನಂತರವೂ ೬೦ ವರ್ಷ ಇರುತ್ತದೆ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮೇಲೆ ೬೦ ವರ್ಷ. ತನ್ನ ಗಾಯನವನ್ನು ಮಾನಹಾನಿಯಾಗುವಂತೆ ವಿಕೃತಗೊಳಿಸದಂತೆ ತಡೆಯುವ ಹಕ್ಕನ್ನು ೨೦೧೨ರ ತಿದ್ದುಪಡಿಯು ಗಾಯಕರಿಗೆ ಕೊಟ್ಟಿತು. ಶಾಲೆಯ ಚಟುವಟಿಕೆಯ ಅಂಗವಾಗಿ, ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರು ಹಾಗೂ ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರು ಮಾತ್ರ ಇರುವ ಸಭೆಯಲ್ಲಿ ನಡೆಯುವ ಪ್ರದರ್ಶನಕ್ಕೆ ಅಧಿನಿಯಮವು ವಿನಾಯಿತಿಯನ್ನಿತ್ತಿದೆ. ಆದರೆ ಅದೇ ಟ್ರ್ಯಾಕನ್ನು ಅಂತರಜಾಲಕ್ಕೆ ಏರಿಸುವುದು ಆ ವಿನಾಯಿತಿಯ ಹೊರಗಿನ ಮಾತು.

ಉಪಾಧ್ಯಾಯ ಮಿತ್ರರಿಗೆ ಅನುಭವದಿಂದ ಕೆಲವು ಸೂಚನೆಗಳನ್ನು ಹೇಳಬಹುದು. ಮೊದಲು ಮಗುವಿನ ಶ್ರುತಿಯನ್ನು ತಿಳಿದುಕೊಳ್ಳಿ, ಆಮೇಲೆ ಟ್ರ್ಯಾಕನ್ನು ಹುಡುಕಿ. ಶ್ರುತಿಯನ್ನು ಎರಡು ಮೂರು ಅರ್ಧಸ್ವರಗಳಷ್ಟು ಏರಿಳಿಸಲು ತಂತ್ರಾಂಶಗಳಲ್ಲಿ ಅವಕಾಶವಿದೆ. ಅದಕ್ಕೂ ಮೀರಿದರೆ ವಾದ್ಯದ ದನಿ ಕೆಡುತ್ತದೆ. ಹಿಂಡಿ ಸಣ್ಣದು ಮಾಡಿದ ಎಂಪಿ೩ ಪ್ರತಿಗಿಂತ ಮೂಲಕ್ಕೆ ಹತ್ತಿರವಾದ ಪ್ರತಿಯಿಂದ ಕಂಠವನ್ನು ತೆಗೆದರೆ ಕಲ್ಮಷ ಕಡಿಮೆ. ಮಾಡಿದ ಟ್ರ್ಯಾಕನ್ನು ಒಮ್ಮೆಯಾದರೂ ಆದ್ಯಂತವಾಗಿ, ದೊಡ್ಡ ಧ್ವನಿವರ್ಧಕದಲ್ಲಿಯೇ ಕೇಳಿ; ಸಣ್ಣ ಕಿವಿಗೊಳವೆಯಲ್ಲಿ ಅಡಗಿದ್ದ ನೆರಳುದನಿ ಸಭೆಯಲ್ಲಿ ಎದ್ದು ಬರುತ್ತದೆ. ಮಗುವಿನೊಡನೆ ಹತ್ತು ಬಾರಿಯಾದರೂ ಅಭ್ಯಾಸ ಮಾಡಿಸಿ. ಎಲ್ಲಿ ಉಸಿರು ತೆಗೆಯಬೇಕೆಂಬುದನ್ನು ಸಾಹಿತ್ಯದ ಮೇಲೆಯೇ ಗುರುತು ಹಾಕಿಕೊಡಿ.

ಇನ್ನು ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಸಂಸ್ಥೆಗೆ ಧ್ವನಿವರ್ಧಕಗಳನ್ನೂ ಗಣಕಗಳನ್ನೂ ತಾವು ಉದಾರವಾಗಿ ಒದಗಿಸಿದ್ದೀರಿ. ಅವು ನಿತ್ಯವೂ ಉಪಯೋಗವಾಗುತ್ತಿವೆ. ಆದರೆ ಹಾರ್ಮೋನಿಯಂ ಇನ್ನೂ ಬೀರುವಿನಲ್ಲಿದೆ. ನುಡಿಸುವ ಕೈ ಇಲ್ಲ. ಒಬ್ಬ ಹಾರ್ಮೋನಿಯಂ ಉಪಾಧ್ಯಾಯರ, ಒಬ್ಬ ತಬಲ ಉಪಾಧ್ಯಾಯರ ವೇತನಕ್ಕೆ ದತ್ತಿಯೊಂದು ಏರ್ಪಟ್ಟರೆ, ಯಂತ್ರಹಂಸವು ತನ್ನ ಕೆಲಸವನ್ನು ಮಾಡಿಕೊಂಡಿರಲಿ, ಮಕ್ಕಳು ಉಸಿರು ತೆಗೆಯುವವರೆಗೆ ಕಾಯುವವರೊಬ್ಬರು ವೇದಿಕೆಯ ಮೇಲೆ ಇರುತ್ತಾರೆ.

ಆ ಬಾಲಿಕೆ ಈಗ ಪಕ್ಕದ ಊರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಕಳೆದ ವರ್ಷ ಬಂದಾಗ ಮೇಷ್ಟರ ಕಂಠವನ್ನು ಕೇಳಿಸಿದೆ. ಕಣ್ಣು ಮುಚ್ಚಿ ಕೇಳುತ್ತ, ಎರಡನೆಯ ಸಾಲಿನಿಂದ ತಾನೂ ಮೆಲ್ಲಗೆ ದನಿಗೂಡಿಸಿದಳು.